ನಾಲ್ಕು ಮುದ್ದೆಯ ಅಂತರ

ತಲಾ 65 ಕೆ.ಜಿ. ತೂಗುವ ಇಬ್ಬರು ಗಂಡಸರಿದ್ದಾರೆ ಅಂದುಕೊಳ್ಳಿ. ವಯಸ್ಸೂ ಹೆಚ್ಚುಕಡಿಮೆ ಒಂದೇ. ಒಬ್ಬರು ಕುರ್ಚಿಯಲ್ಲಿ ಕೂತು ದುಡಿಯುವವರು, ಇನ್ನೊಬ್ಬರು ಹಾರೆ ಗುದ್ದಲಿ ಹಿಡಿದು ದುಡಿಯುವವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2020ರಲ್ಲಿ ಹೊರತಂದ ಪಟ್ಟಿಯ ಪ್ರಕಾರ ಮೊದಲನೆಯವರಿಗೆ ದಿನಕ್ಕೆ 2110 ಕಿಲೊಕ್ಯಾಲೊರಿ ಸಾಕು. ಎರಡನೆಯವರಿಗೆ 3470 ಬೇಕು. ನಡುವಿನ ಅಂತರ 1360. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕಿಲೊಕ್ಯಾಲೊರಿ ಇರುತ್ತದೆ. ದುಡಿದು ಬಂದ ಗಂಡಾಳಿಗೆ ಇಡುವ ದಪ್ಪ ಮುದ್ದೆಯೊಂದಕ್ಕೆ ಅಷ್ಟು ಹಿಟ್ಟು ಹಿಡಿಯುತ್ತದೆ. ಹಾಗಾದರೆ ಮೈ ಒಂದೇ ಇದ್ದು ಕೆಲಸ ಮಾತ್ರ ಬೇರೆಯಾದರೆ, ದಿನದ ಊಟದಲ್ಲಿ ನಾಲ್ಕು ಮುದ್ದೆಗೂ ಮೀರಿದ ವ್ಯತ್ಯಾಸ.

ಈ ನಾಲ್ಕು ಮುದ್ದೆಯ ಅಂತರ ಕೋಲಾರ ಚಿನ್ನದ ಗಣಿ ಪ್ರದೇಶ, ಅಂದರೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್, ಊರ್ಗಾಂ, ಮಾರಿಕುಪ್ಪಂ ಕಡೆಯ ಮನೆಗಳೊಳಗೆ ಎರಡು ತಲೆಮಾರಿನಲ್ಲಿ ಘಟಿಸಿಹೋಗಿದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈ ಹಾಕಿದ ಗಣಿಗಾರಿಕೆ 2001ರ ಫೆಬ್ರುವರಿ 28ಕ್ಕೆ ನಿಂತಿತು. ತಾತ ಕೇಜಿನಲ್ಲಿ ನಿಂತು ಭೂಮಿಯೊಳಕ್ಕೆ ಇಳಿಯುತ್ತಿದ್ದರು. ಮೊಮ್ಮಗ ಇನ್ನೂ ಕತ್ತಲಿರುವಾಗಲೇ ರೈಲು ಹತ್ತಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗುತ್ತಾನೆ. ಅಪಾರ್ಟ್‌ಮೆಂಟಿನ ಗೇಟಿನಲ್ಲೋ, ಅಂಗಡಿಯಲ್ಲೋ, ಕಂಪ್ಯೂಟರಿನ ಮುಂದೋ ಎಂಟು ಒಂಬತ್ತು ಗಂಟೆ ಕಳೆದು ರಾತ್ರಿ ಮನೆ ಸೇರುತ್ತಾನೆ. ಅಡುಗೆಮನೆಯ ಅಳತೆ ಮಾತ್ರ ಎಷ್ಟೋ ಕಡೆ ತಾತನ ಕಾಲದ್ದೇ. ‘ದುಡಿಯೋ ಮೈ, ಇನ್ನೊಂದು ಹಾಕ್ಕೋ’ ಎಂದು ಬಡಿಸುವ ಪ್ರೀತಿಯಲ್ಲಿ ತಪ್ಪೇನೂ ಇಲ್ಲ. ಆದರೆ ಆ ಮೈ ಈಗ ಎಷ್ಟು ಖರ್ಚು ಮಾಡುತ್ತಿದೆ ಎಂಬ ಲೆಕ್ಕ ಮನೆಯಲ್ಲಿ ಯಾರೂ ಹಾಕಿಲ್ಲ.

ಆ ಲೆಕ್ಕ ಹಾಕಲು ಆಸ್ಪತ್ರೆಗೆ ಹೋಗಬೇಕಿಲ್ಲ, ಮೊಬೈಲಿನಲ್ಲಿ ಯಾವ ಆ್ಯಪ್ ಕೂಡ ಬೇಕಿಲ್ಲ. ಪೆನ್ನು, ಕಾಗದ, ತೂಕದ ಯಂತ್ರ, ಅಳತೆ ಟೇಪು ಸಾಕು. ಜೊತೆಗೆ ತನ್ನ ದಿನ ಹೇಗೆ ಕಳೆಯುತ್ತದೆ ಎಂದು ತನಗೆ ತಾನೇ ನಿಜ ಹೇಳಿಕೊಳ್ಳಬೇಕು. ಕಷ್ಟವಾಗುವುದು ಈ ಕೊನೆಯದೇ.

ಮಲಗಿದ ಮೈಯ ಖರ್ಚು

ಏನೂ ಮಾಡದೆ ಬಿದ್ದುಕೊಂಡಿದ್ದರೂ ಮೈ ಖರ್ಚು ಮಾಡುತ್ತಲೇ ಇರುತ್ತದೆ. ಹೃದಯ ಬಡಿಯಬೇಕು, ಎದೆ ಏರಿಳಿಯಬೇಕು, ಮೂತ್ರಪಿಂಡ ರಕ್ತ ಸೋಸಬೇಕು, ಸವೆದ ಜೀವಕೋಶಗಳ ಜಾಗಕ್ಕೆ ಹೊಸವು ಬರಬೇಕು, ಮೈಬಿಸಿ 37 ಡಿಗ್ರಿಯ ಆಸುಪಾಸಿನಲ್ಲೇ ಉಳಿಯಬೇಕು. ಜೀವ ಹಿಡಿದಿಟ್ಟುಕೊಳ್ಳಲು ಆಗುವ ಈ ಕನಿಷ್ಠ ಖರ್ಚೇ ಮೂಲ ಚಯಾಪಚಯ ದರ. ವೈದ್ಯರು ಬಿಎಂಆರ್ ಎನ್ನುತ್ತಾರೆ. ಹೆಚ್ಚು ಓಡಾಟವಿಲ್ಲದವರಲ್ಲಿ ದಿನದ ಒಟ್ಟು ಖರ್ಚಿನ ಮೂರರಲ್ಲಿ ಎರಡು ಪಾಲಿನಷ್ಟು ಇದಕ್ಕೇ ಹೋಗುತ್ತದೆ.

ಇದನ್ನು ಅಳೆಯಲು ಕಟ್ಟುನಿಟ್ಟಾದ ಕ್ರಮವಿದೆ. ರಾತ್ರಿ ಉಂಡು ಹನ್ನೆರಡು ಗಂಟೆ ಏನೂ ತಿಂದಿರಬಾರದು. ಚೆನ್ನಾಗಿ ನಿದ್ದೆಯಾಗಿರಬೇಕು. ಚಳಿಯೂ ಸೆಖೆಯೂ ಇಲ್ಲದ ಕೋಣೆಯಲ್ಲಿ, ಎಚ್ಚರವಾಗಿದ್ದೂ ಅಲುಗಾಡದೆ ಮಲಗಿರಬೇಕು. ಆಗ ಒಳಕ್ಕೆ ಎಳೆದುಕೊಳ್ಳುವ ಆಮ್ಲಜನಕವನ್ನೂ ಹೊರಬಿಡುವ ಇಂಗಾಲದ ಡೈಆಕ್ಸೈಡನ್ನೂ ಅಳೆಯುತ್ತಾರೆ. ದೇಹ ಒಂದು ಲೀಟರ್ ಆಮ್ಲಜನಕ ಬಳಸಿದರೆ ಹೆಚ್ಚುಕಡಿಮೆ 4.8 ಕಿಲೊಕ್ಯಾಲೊರಿ ಖರ್ಚಾಯಿತೆಂದು ಲೆಕ್ಕ. ಉಸಿರಾಟವೂ ಒಂದು ಬಗೆಯ ನಿಧಾನದ ಉರಿಯೇ ಎಂದು 1780ರ ದಶಕದಲ್ಲಿ ಫ್ರಾನ್ಸಿನ ಲವಾಸಿಯೆ ತೋರಿಸಿಕೊಟ್ಟಿದ್ದರು. ಗಿನಿಪಿಗ್ ಒಂದನ್ನು ಮಂಜುಗಡ್ಡೆಯ ನಡುವೆ ಇಟ್ಟು, ಅದರ ಮೈಬಿಸಿಗೆ ಎಷ್ಟು ಮಂಜು ಕರಗಿತು ಎಂದು ಅಳೆದವರು ಅವರು. ಇವತ್ತಿನ ಯಂತ್ರಗಳೆಲ್ಲ ನಿಂತಿರುವುದು ಆ ಬುನಾದಿಯ ಮೇಲೆಯೇ.

ಮೈಯೊಳಗೆ ಈ ಖರ್ಚು ಎಲ್ಲೆಲ್ಲಿ ಹಂಚಿಹೋಗುತ್ತದೆ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಹೃದಯ ಮತ್ತು ಮೂತ್ರಪಿಂಡಕ್ಕೆ ಕಿಲೋವೊಂದಕ್ಕೆ ದಿನಕ್ಕೆ ಸುಮಾರು 440 ಕಿಲೊಕ್ಯಾಲೊರಿ ಬೇಕು. ಮಿದುಳಿಗೆ 240, ಯಕೃತ್ತಿಗೆ 200. ವಿಶ್ರಾಂತಿಯಲ್ಲಿರುವ ಸ್ನಾಯುವಿಗೆ ಬರೀ 13, ಕೊಬ್ಬಿಗಂತೂ ನಾಲ್ಕೂವರೆ. ‘ಸ್ನಾಯು ಬೆಳೆಸಿದರೆ ಮಲಗಿದಲ್ಲೇ ಕೊಬ್ಬು ಕರಗುತ್ತದೆ’ ಎಂದು ಜಿಮ್ಮಿನಲ್ಲಿ ಹೇಳುವವರು ಈ 13 ಎಂಬ ಅಂಕಿಯನ್ನು ಹೇಳುವುದಿಲ್ಲ. ಎರಡು ಕೆ.ಜಿ. ಸ್ನಾಯು ಕೂಡಿಸಿಕೊಂಡರೆ ವಿಶ್ರಾಂತಿಯ ಖರ್ಚು ದಿನಕ್ಕೆ 26 ಕಿಲೊಕ್ಯಾಲೊರಿ ಹೆಚ್ಚುತ್ತದೆ, ಅಂದರೆ ಒಂದು ಚಮಚ ಸಕ್ಕರೆಗಿಂತ ತುಸು ಹೆಚ್ಚು. ಸ್ನಾಯು ಬೇಕೇ ಬೇಕು, ಮುಪ್ಪಿನಲ್ಲಿ ಇನ್ನೂ ಬೇಕು. ಅದಕ್ಕೆ ಕೊಡಬೇಕಾದ ಕಾರಣ ಮಾತ್ರ ಇದಲ್ಲ.

ಯಾರ ಮೈಯಿಂದ ಬಂದ ಸೂತ್ರ?

ಎಲ್ಲರನ್ನೂ ಮಲಗಿಸಿ ಅಳೆಯಲಾಗದು. ಹಾಗಾಗಿ ತೂಕ, ಎತ್ತರ, ವಯಸ್ಸಿನಿಂದ ಬಿಎಂಆರ್ ಅಂದಾಜಿಸುವ ಸೂತ್ರಗಳು ಬಂದವು. ಅಮೆರಿಕದ ಹ್ಯಾರಿಸ್ ಮತ್ತು ಬೆನೆಡಿಕ್ಟ್ 1919ರಲ್ಲಿ ಪ್ರಕಟಿಸಿದ್ದು ಅವುಗಳಲ್ಲಿ ಹೆಸರುವಾಸಿ. 136 ಗಂಡಸರು, 103 ಹೆಂಗಸರು ಮತ್ತು 94 ಹಸುಗೂಸುಗಳ ಅಳತೆ ಅದರ ಆಧಾರ. 1985ರ ಸ್ಕೋಫೀಲ್ಡ್ ಸೂತ್ರಗಳನ್ನು ವಿಶ್ವಸಂಸ್ಥೆಯ ಸಂಸ್ಥೆಗಳು ಜಗತ್ತಿಗೆಲ್ಲ ಬಳಸಿದವು. ಅದರೊಳಗಿನ ಮಾಹಿತಿಯಲ್ಲಿ ಅರ್ಧದಷ್ಟು ಇಟಲಿಯವರದು. ಬಿಸಿಲುನಾಡಿನವರ ಪಾಲು ತೀರಾ ಸಣ್ಣದು.

ಇದು ನಮ್ಮ ಮೈಗೆ ಹೊಂದುತ್ತದೆಯೇ ಎಂಬ ಪ್ರಶ್ನೆ ಹಳೆಯದು, ಮತ್ತು ಅದಕ್ಕೆ ಉತ್ತರ ಹುಡುಕುವ ಕೆಲಸ ನಡೆದದ್ದು ಕೆಜಿಎಫ್‌ನ ಎರಡೂ ಪಕ್ಕದ ಮಹಾನಗರಗಳಲ್ಲಿ. ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನ ಎಲೀನರ್ ಮೇಸನ್, ಅದೇ ಬೆನೆಡಿಕ್ಟ್ ಅವರ ಜೊತೆ ಸೇರಿ 1931ರಲ್ಲಿ ದಕ್ಷಿಣ ಭಾರತದ ಹೆಣ್ಣುಮಕ್ಕಳ ಬಿಎಂಆರ್ ಬಗ್ಗೆ ಪ್ರಬಂಧ ಬರೆದರು. ಪಾಶ್ಚಾತ್ಯರ ಸೂತ್ರ ಹೇಳುವುದಕ್ಕಿಂತ ಇವರದು ಕಡಿಮೆ ಇತ್ತು. ಆ ಕಾಲದಲ್ಲಿ ಇಂಥ ಫಲಿತಾಂಶಕ್ಕೆ ಹವೆ ಕಾರಣ, ಜನಾಂಗ ಕಾರಣ, ಊಟ ಕಾರಣ ಎಂದೆಲ್ಲ ವಾದ ನಡೆಯಿತು.

ಗಂಟು ಬಿಡಿಸಿದ್ದರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪಾಲು ದೊಡ್ಡದು. 1980ರ ದಶಕದ ಕೊನೆಯಿಂದ ಅಲ್ಲಿ ಪ್ರಕಾಶ್ ಶೆಟ್ಟಿ, ಮಾರಿಯೊ ಸೋರೆಸ್, ಅನುರಾ ಕುರ್ಪಾಡ್ ಮುಂತಾದವರು ಭಾರತೀಯರ ಬಿಎಂಆರನ್ನು ಎಚ್ಚರಿಕೆಯಿಂದ ಅಳೆದರು. 1993ರಲ್ಲಿ ಭಾರತದ ಗಂಡಸರಿಗೆಂದೇ ಸೂತ್ರಗಳನ್ನು ಪ್ರಕಟಿಸಿದರು. ಅಂತಾರಾಷ್ಟ್ರೀಯ ಸೂತ್ರಗಳು ನಮ್ಮವರ ಬಿಎಂಆರನ್ನು ಹೆಚ್ಚಾಗಿ ತೋರಿಸುತ್ತವೆ ಎಂಬುದು ಖಚಿತವಾಯಿತು. ಆಮೇಲೆ 1998ರಲ್ಲಿ ಸೋರೆಸ್, ಶೆಟ್ಟಿ ಮತ್ತು ಆಸ್ಟ್ರೇಲಿಯಾದ ಸಂಶೋಧಕರು ಭಾರತೀಯರನ್ನೂ ಆಸ್ಟ್ರೇಲಿಯನ್ನರನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಮೈಯಲ್ಲಿ ಕೊಬ್ಬೆಷ್ಟು, ಕೊಬ್ಬಲ್ಲದ್ದೆಷ್ಟು ಎಂಬುದನ್ನು ಲೆಕ್ಕಕ್ಕೆ ಹಿಡಿದ ಕೂಡಲೇ ಎರಡು ಜನಾಂಗಗಳ ನಡುವಿನ ವ್ಯತ್ಯಾಸ ಉಳಿಯಲಿಲ್ಲ.

ನನಗೆ ಇದು ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. ನಮ್ಮ ಜೀವಕೋಶಗಳು ಸೋಮಾರಿಗಳಲ್ಲ, ನಮ್ಮ ರಕ್ತದಲ್ಲಿ ಕೊರತೆಯೇನೂ ಇಲ್ಲ. ಒಂದೇ ತೂಕದಲ್ಲಿ ನಮ್ಮವರ ಮೈಯಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಅಷ್ಟೇ ಕಾರಣ. ಹಿಂದಿನ ತಲೆಮಾರುಗಳು ಅರೆಹೊಟ್ಟೆಯಲ್ಲಿ ಬೆಳೆದದ್ದರ ಗುರುತೂ ಅದರಲ್ಲಿ ಇದ್ದೀತು. ಐಸಿಎಂಆರ್ ತನ್ನ ಪಟ್ಟಿಗಳಲ್ಲಿ ಅಂತಾರಾಷ್ಟ್ರೀಯ ಸೂತ್ರ ಕೊಡುವ ಸಂಖ್ಯೆಯನ್ನು ಭಾರತೀಯರಿಗೆ ತಗ್ಗಿಸಿಯೇ ಬಳಸುತ್ತಿದೆ. ಫೋನಿನಲ್ಲಿರುವ ಆ್ಯಪ್‌ಗಳು ಹಾಗೆ ತಗ್ಗಿಸುವುದು ಅಪರೂಪ.

ಕಾಗದದ ಮೇಲೆ

ಈಗ ಹೆಚ್ಚು ಬಳಕೆಯಲ್ಲಿರುವ ಸೂತ್ರ 1990ರ ಮಿಫ್ಲಿನ್–ಸೇಂಟ್ ಜಿಯೋರ್ ಅವರದು. ತೂಕದ ಕಿಲೋ ಸಂಖ್ಯೆಯನ್ನು 10ರಿಂದ ಗುಣಿಸಿ. ಎತ್ತರದ ಸೆಂಟಿಮೀಟರನ್ನು 6.25ರಿಂದ ಗುಣಿಸಿ ಅದಕ್ಕೆ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಗಂಡಸಾದರೆ ಕೊನೆಗೆ 5 ಕೂಡಿಸಬೇಕು, ಹೆಂಗಸಾದರೆ 161 ಕಳೆಯಬೇಕು.

ಬೆಂಗಳೂರಿಗೆ ರೈಲಿನಲ್ಲಿ ಓಡಾಡುವ 40 ವರ್ಷದ ಸೆಕ್ಯುರಿಟಿ ಗಾರ್ಡ್ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ತೂಕ 62 ಕೆ.ಜಿ., ಎತ್ತರ 165 ಸೆಂ.ಮೀ. ಆಗ 620ಕ್ಕೆ 1031 ಕೂಡಿಸಿ, 200 ಕಳೆದು, 5 ಸೇರಿಸಿದರೆ 1456. ಈ ಸೂತ್ರವೂ ಅಮೆರಿಕನ್ನರ ಮೇಲೆ ಕಟ್ಟಿದ್ದು, ಆದ್ದರಿಂದ ನೂರರಷ್ಟು ತಗ್ಗಿಸಿ 1350 ಎಂದಿಟ್ಟುಕೊಳ್ಳುವುದು ಜಾಣತನ. ಗಂಟೆಗೆ ಸುಮಾರು 56. ಅವರು ಇಡೀ ದಿನ ಮಂಚ ಬಿಟ್ಟು ಏಳದಿದ್ದರೂ ಇಷ್ಟು ಬೇಕೇ ಬೇಕು.

ಇದರ ಮೇಲೆ ದಿನದ ಕೆಲಸವನ್ನು ಏರಿಸಬೇಕು. ಒಂದೊಂದು ಕೆಲಸಕ್ಕೂ ಬಿಎಂಆರ್‌ನ ಎಷ್ಟು ಪಟ್ಟು ಖರ್ಚು ಎಂಬ ಅಂಕಿಗಳಿವೆ. ನಿದ್ದೆಗೆ 1, ರೈಲಿನಲ್ಲಿ ಕೂತರೆ 1.2, ನಿಂತೂ ಕೂತೂ ಮಾಡುವ ಹಗುರ ಕೆಲಸಕ್ಕೆ ಒಂದೂವರೆ, ನಡಿಗೆಗೆ 3ರ ಮೇಲೆ. ನಮ್ಮ ಗಾರ್ಡ್ ಆರು ಗಂಟೆ ಮಲಗುತ್ತಾರೆ, ರೈಲು ಬಸ್ಸುಗಳಲ್ಲಿ ಐದು ಗಂಟೆ ಕೂರುತ್ತಾರೆ, ಒಂದೂವರೆ ಗಂಟೆ ನಡೆಯುತ್ತಾರೆ, ಎಂಟು ಗಂಟೆ ಡ್ಯೂಟಿ, ಉಳಿದ ಮೂರೂವರೆ ಗಂಟೆ ಮನೆಯಲ್ಲಿ ಕೂತು ಕಳೆಯುತ್ತಾರೆ. ಎಲ್ಲವನ್ನೂ ಗುಣಿಸಿ ಕೂಡಿಸಿ 24ರಿಂದ ಭಾಗಿಸಿದರೆ ಬರುವುದು 1.4. ಐಸಿಎಂಆರ್ ಪಟ್ಟಿಯಲ್ಲಿ ಕೂತು ದುಡಿಯುವವರಿಗೆ ಇಟ್ಟಿರುವ ಗುಣಕವೂ ಅದೇ. ಮಧ್ಯಮ ಶ್ರಮಕ್ಕೆ 1.8, ಭಾರೀ ಶ್ರಮಕ್ಕೆ 2.3. ಹಾಗೆ ಅವರ ದಿನದ ಅಗತ್ಯ 1900 ಕಿಲೊಕ್ಯಾಲೊರಿಯ ಹತ್ತಿರ ನಿಲ್ಲುತ್ತದೆ.

ಈ ಅಂಕಿ ಕೇಳಿದರೆ ಆ ಗಾರ್ಡ್‌ಗೆ ಬೇಸರವಾಗುವುದು ಸಹಜ. ನಸುಕಿನಲ್ಲಿ ಎದ್ದು, ಬೋಗಿಯಲ್ಲಿ ಜಾಗಕ್ಕೆ ನೂಕಾಡಿ, ದಿನವಿಡೀ ಕಾಲ ಮೇಲೆ ನಿಂತು, ಮತ್ತೆ ಅದೇ ದಾರಿಯಲ್ಲಿ ವಾಪಸಾದ ಮನುಷ್ಯನಿಗೆ ‘ನಿನ್ನದು ಕೂತು ಮಾಡುವ ಕೆಲಸ’ ಎಂದರೆ ಯಾರಿಗೆ ತಾನೇ ಸಹ್ಯ? ಆದರೆ ದಣಿವು ಬೇರೆ, ಶಕ್ತಿಯ ಖರ್ಚು ಬೇರೆ. ನಿದ್ದೆಗೇಡು, ಗದ್ದಲ, ಒಂದೇ ಕಡೆ ನಿಲ್ಲುವುದು, ಮೇಲಿನವರ ಬೈಗುಳ, ಇವೆಲ್ಲ ಮನುಷ್ಯನನ್ನು ಹಿಂಡಿಹಾಕುತ್ತವೆ. ಆದರೆ ಅವುಗಳಿಂದ ಕ್ಯಾಲೊರಿ ಹೆಚ್ಚು ಉರಿಯುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚುತ್ತದೆ. ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟು ನೋಡಿದಾಗ, ಹಸಿವು ಕೆರಳಿಸುವ ಹಾರ್ಮೋನು ಏರಿತ್ತು, ಹೊಟ್ಟೆ ತುಂಬಿತೆಂದು ಹೇಳುವ ಹಾರ್ಮೋನು ಇಳಿದಿತ್ತು. ಖರ್ಚು ಇಳಿದು ಹಸಿವು ಏರುವ ಇಕ್ಕಟ್ಟಿನಲ್ಲಿ ಈ ರೈಲಿನ ಜನ ಬದುಕುತ್ತಿದ್ದಾರೆ. ಹೊಟ್ಟೆ ಬರುವುದಕ್ಕೂ ಸಕ್ಕರೆ ಕಾಯಿಲೆ ಬರುವುದಕ್ಕೂ ಬರೀ ಬಾಯಿಚಪಲವನ್ನೇ ದೂರುವವರು ಆ ಬೋಗಿಗಳಲ್ಲಿ ಒಂದು ವಾರ ಓಡಾಡಬೇಕು.

ಗಣಿಯೊಳಗಿನ ಬಿಸಿ

ತಾತನ ಲೆಕ್ಕ ಬೇರೆಯದೇ. ವಿಶ್ವಸಂಸ್ಥೆಯ ಸಂಸ್ಥೆಗಳ 1985ರ ವರದಿಯಲ್ಲಿ ಗಣಿ ಕೆಲಸಕ್ಕೇ ಪ್ರತ್ಯೇಕ ಅಂಕಿಗಳಿವೆ. ಪಿಕಾಸಿ ಹಿಡಿದು ಕಲ್ಲು ಕೀಳಲು ಬಿಎಂಆರ್‌ನ 6 ಪಟ್ಟು, ಸಲಿಕೆಯಲ್ಲಿ ಎತ್ತಿ ಹಾಕಲು 5.7, ಚಾವಣಿಗೆ ಆಸರೆ ಕೊಡಲು 4.9. ಬಿಎಂಆರ್ 1500 ಇರುವ ಆಳು ಪಿಕಾಸಿ ಎತ್ತಿದರೆ ಗಂಟೆಗೆ 375 ಕಿಲೊಕ್ಯಾಲೊರಿ. ಎಂಟು ಗಂಟೆಯ ಶಿಫ್ಟಿನಲ್ಲಿ ಯಾರೂ ಎಡೆಬಿಡದೆ ಪಿಕಾಸಿ ಎತ್ತಲಾರರು, ನಿಲ್ಲುವುದಿದೆ, ಕಾಯುವುದಿದೆ, ನಡೆಯುವುದಿದೆ. ಆದರೂ ದಿನ ಮುಗಿಯುವಾಗ 3000 ದಾಟುವುದರಲ್ಲಿ ಅನುಮಾನವಿಲ್ಲ.

ಇಲ್ಲಿ ಇನ್ನೊಂದು ವಿಷಯವಿದೆ, ಅದಕ್ಕೂ ಕೆಜಿಎಫ್‌ಗೂ ನೇರ ನಂಟು. ಸ್ನಾಯು ಖರ್ಚು ಮಾಡುವ ಶಕ್ತಿಯಲ್ಲಿ ಕಾಲು ಭಾಗವೂ ಕೆಲಸವಾಗಿ ಹೊರಬರುವುದಿಲ್ಲ, ಉಳಿದದ್ದೆಲ್ಲ ಬಿಸಿ. ಗಂಟೆಗೆ 375 ಖರ್ಚಾದರೆ 280ಕ್ಕೂ ಹೆಚ್ಚು ಬಿಸಿಯಾಗಿ ಮೈಯಲ್ಲಿ ಸೇರುತ್ತದೆ, ಅದನ್ನು ಹೊರಹಾಕಲು ಸುಮಾರು ಅರ್ಧ ಲೀಟರ್ ಬೆವರು ಪೂರ್ತಿ ಆವಿಯಾಗಬೇಕು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಸುತ್ತಲ ಗಾಳಿ ತೇವದಿಂದ ತುಂಬಿದ್ದರೆ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ. ಆಗ ಮೈ ತನ್ನದೇ ಬಿಸಿಗೆ ಸೋತು ಮನುಷ್ಯ ಕುಸಿದು ಬೀಳುತ್ತಾನೆ.

ಕೋಲಾರ ಚಿನ್ನದ ಗಣಿಯ ವೈದ್ಯ ಎ. ಕ್ಯಾಪ್ಲನ್ 1944ರಲ್ಲಿ ಗಣಿಯೊಳಗೆ ಹೀಗೆ ಕುಸಿದುಬಿದ್ದ ಕಾರ್ಮಿಕರ ಪ್ರಕರಣಗಳನ್ನು ವಿಶ್ಲೇಷಿಸಿ ಪ್ರಬಂಧ ಬರೆದರು. ಎರಡು ವರ್ಷದ ಬಳಿಕ, 1946ರಲ್ಲಿ, ಲಿಂಡ್ಸೆ ಎಂಬವರ ಜೊತೆ ಸೇರಿ ಆಳದ ಗಣಿಗಳ ಬಿಸಿಯಲ್ಲಿ ದುಡಿಯುವವರ ಸಾಮರ್ಥ್ಯ ಹೇಗೆ ಕುಗ್ಗುತ್ತದೆ ಎಂಬ ಪ್ರಯೋಗದ ವಿವರ ಪ್ರಕಟಿಸಿದರು. ಬಿಸಿಯಲ್ಲಿ ದುಡಿಯುವವರ ಆರೋಗ್ಯ ಕುರಿತ ಜಾಗತಿಕ ಸಂಶೋಧನೆಯಲ್ಲಿ ಆ ಪ್ರಬಂಧವನ್ನು ಆಮೇಲೂ ಉಲ್ಲೇಖಿಸುತ್ತ ಬಂದಿದ್ದಾರೆ. ಆ ಪ್ರಯೋಗಗಳಿಗೆ ಮೈ ಒಡ್ಡಿದ ನಮ್ಮ ಗಣಿ ಕಾರ್ಮಿಕರ ಹೆಸರು ಪ್ರಬಂಧಗಳ ಶೀರ್ಷಿಕೆಯಲ್ಲಿ ಇಲ್ಲ. ಕೆಜಿಎಫ್‌ನ ಬಗ್ಗೆ ಮಾತು ಬಂದಾಗಲೆಲ್ಲ ಎಷ್ಟು ಟನ್ ಚಿನ್ನ ಬಂತು ಎಂದು ಹೇಳುತ್ತಾರೆ. ಎಷ್ಟು ಅನ್ನ, ಎಷ್ಟು ರಾಗಿ ಆ ಚಿನ್ನದ ಹಿಂದೆ ಉರಿದುಹೋಯಿತು ಎಂಬುದೂ ಆ ಊರಿನ ಚರಿತ್ರೆಯೇ.

ಬೆವರಿನ ವಿಷಯ ಬಂದದ್ದರಿಂದ ಒಂದು ಮಾತು. ಬೆವರು ಸುರಿದಷ್ಟೂ ಕೊಬ್ಬು ಕರಗುತ್ತದೆ ಎಂದು ನಂಬಿ ಪ್ಲಾಸ್ಟಿಕ್ ಜಾಕೆಟ್ ಹಾಕಿಕೊಂಡು ಓಡುವವರಿದ್ದಾರೆ. ಇಳಿಯುವುದು ನೀರಿನ ತೂಕ. ಒಂದು ಚೊಂಬು ನೀರು ಕುಡಿದರೆ ಅದು ವಾಪಸ್ ಬರುತ್ತದೆ. ಬೆವರು ಆರದಂತೆ ತಡೆದು ಓಡುವುದು ಗಣಿಯಲ್ಲಿ ಕುಸಿದವರ ಸ್ಥಿತಿಯನ್ನು ತಾನಾಗಿ ತಂದುಕೊಂಡಂತೆ.

ಕೊನೆಗೆ ಉಣ್ಣುವವಳು

ಆ ಗಾರ್ಡ್‌ನ ಹೆಂಡತಿಯ ಲೆಕ್ಕವನ್ನೂ ಹಾಕೋಣ. 35 ವರ್ಷ, 58 ಕೆ.ಜಿ., 152 ಸೆಂ.ಮೀ. ಸೂತ್ರದ ಪ್ರಕಾರ 1194, ತಗ್ಗಿಸಿ 1100 ಎನ್ನೋಣ. ಆಕೆ ಏಳು ಗಂಟೆ ಮಲಗುತ್ತಾಳೆ. ಅಡುಗೆಗೆ ಮೂರೂವರೆ ಗಂಟೆ, ಬಿಎಂಆರ್‌ನ ಎರಡು ಪಟ್ಟು. ಪಾತ್ರೆ, ಬಟ್ಟೆ, ಕಸಕ್ಕೆ ಮೂರು ಗಂಟೆ, ಎರಡೂವರೆ ಪಟ್ಟು. ನೀರು ತರುವುದು, ಎಂ.ಜಿ. ಮಾರ್ಕೆಟ್ಟಿಗೆ ಹೋಗಿಬರುವುದು, ಮಗುವನ್ನು ಶಾಲೆಗೆ ಬಿಡುವುದು ಎಂದು ಎರಡು ಗಂಟೆ, ಮೂರು ಪಟ್ಟಿಗೂ ಮೇಲೆ. ಎರಡೂವರೆ ಗಂಟೆ ಹೊಲಿಗೆ ಯಂತ್ರದ ಮುಂದೆ. ಉಳಿದ ಆರು ಗಂಟೆ ಕೂತದ್ದು. ಎಲ್ಲ ಸೇರಿದರೆ ಗುಣಕ 1.65ರ ಸುತ್ತ ಬರುತ್ತದೆ. ಆಕೆಯ ದಿನದ ಅಗತ್ಯ 1800ಕ್ಕೂ ಮೇಲೆ.

ಗಂಡನಿಗೆ 1900, ಹೆಂಡತಿಗೆ 1800. ಆಕೆಯ ಮೈ ಚಿಕ್ಕದು, ಸೂತ್ರ 161 ಕಳೆದಿದೆ, ಆದರೂ ಇಬ್ಬರ ಅಗತ್ಯ ಹೆಚ್ಚುಕಡಿಮೆ ಸಮ. ‘ಮನೇಲೇ ಇರ್ತಾಳೆ’ ಎಂಬ ಮಾತಿನಲ್ಲಿ ಈ ಕೆಲಸವೆಲ್ಲ ಮರೆಯಾಗುತ್ತದೆ. ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ಉಣ್ಣುವ ರೂಢಿ ಇರುವ ಮನೆಗಳಲ್ಲಿ ಈ ಸಂಖ್ಯೆಯನ್ನು ಗೋಡೆಗೆ ಬರೆದು ಅಂಟಿಸಬೇಕು. ಬಸುರಿಯಾದರೆ ದಿನಕ್ಕೆ ಇನ್ನೂ 350, ಹಾಲೂಡಿಸುವ ಮೊದಲ ಆರು ತಿಂಗಳು 600 ಕೂಡಿಸಬೇಕು ಎನ್ನುತ್ತದೆ ಐಸಿಎಂಆರ್. ಹಾಲೂಡಿಸುವ ತಾಯಿಗೆ ಇನ್ನೆರಡು ದಪ್ಪ ಮುದ್ದೆಯಷ್ಟು ಊಟ ಹೆಚ್ಚು ಬೇಕು ಎಂದಾಯಿತು.

ಕ್ಯಾಲೊರಿಯ ಲೆಕ್ಕ ತೂಕ ಇಳಿಸುವವರ ಚಪಲ ಎಂದು ತಳ್ಳಿಹಾಕುವಂತಿಲ್ಲ ಎನ್ನುವುದು ಇದಕ್ಕೇ. 1979ರಲ್ಲಿ ವೈ.ಕೆ. ಅಲಘ್ ನೇತೃತ್ವದ ಕಾರ್ಯಪಡೆ ದೇಶದ ಬಡತನದ ಗೆರೆ ಎಳೆದದ್ದು ಇದೇ ಲೆಕ್ಕದಿಂದ, ಹಳ್ಳಿಯವರಿಗೆ ದಿನಕ್ಕೆ 2400 ಮತ್ತು ಪಟ್ಟಣದವರಿಗೆ 2100. 2013ರ ಆಹಾರ ಭದ್ರತಾ ಕಾಯ್ದೆ ಆದ್ಯತಾ ಕುಟುಂಬಗಳಿಗೆ ತಲೆಗೆ ತಿಂಗಳಿಗೆ 5 ಕೆ.ಜಿ. ಧಾನ್ಯ ಕೊಡುತ್ತದೆ. ಅಕ್ಕಿಯಾದರೆ ದಿನಕ್ಕೆ 590 ಕಿಲೊಕ್ಯಾಲೊರಿಯಷ್ಟಾಯಿತು. ಮೇಲೆ ಹೇಳಿದ ಗಾರ್ಡ್‌ನ ಹೆಂಡತಿಯ 1800ರ ಅಗತ್ಯದಲ್ಲಿ ಮೂರನೇ ಒಂದು ಪಾಲು. ಬೇಳೆ, ಎಣ್ಣೆ, ಹಾಲು, ಸೊಪ್ಪು ಎಲ್ಲವೂ ಕೈಯಿಂದ ದುಡ್ಡು ಬಿಚ್ಚಿ ತರಬೇಕಾದದ್ದು. ಗಣಿ ಮುಚ್ಚಿದಾಗ ಸಂಬಳ ಒಮ್ಮೆಗೇ ನಿಂತ ಮನೆಗಳಲ್ಲಿ ಮೊದಲು ಸೊರಗಿದ್ದು ದುಡ್ಡು ಕೊಟ್ಟು ತರುವ ಈ ಪಟ್ಟಿಯೇ ಇರಬೇಕು. ಹೊಟ್ಟೆ ತುಂಬಲು ಅಕ್ಕಿ ಉಳಿಯಿತು.

ತಟ್ಟೆಯ ಕಡೆ

ಎಷ್ಟು ಬೇಕು ಎಂದು ತಿಳಿದ ಮೇಲೆ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿ 2000 ಕಿಲೊಕ್ಯಾಲೊರಿಯ ಮಾದರಿ ತಟ್ಟೆಯಲ್ಲಿ ಧಾನ್ಯವನ್ನು 250 ಗ್ರಾಂಗೆ ನಿಲ್ಲಿಸಿದೆ. ಬೇಳೆಕಾಳು ಇಲ್ಲವೇ ಮೊಟ್ಟೆ ಮಾಂಸ 85 ಗ್ರಾಂ, ತರಕಾರಿ ಮತ್ತು ಹಣ್ಣು ಸೇರಿ 500 ಗ್ರಾಂ, ಹಾಲು 300 ಮಿ.ಲೀ. ಧಾನ್ಯದಿಂದ ಬರುವ ಪಾಲು ಒಟ್ಟು ಕ್ಯಾಲೊರಿಯಲ್ಲಿ ಶೇಕಡ 45 ಮೀರಬಾರದು ಎನ್ನುತ್ತದೆ ಅದು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ, ರಾತ್ರಿ ಎರಡು ಮುದ್ದೆ ಮೇಲೊಂದಿಷ್ಟು ಅನ್ನ ಎಂದರೆ 250 ಗ್ರಾಂ ಎಂದೋ ದಾಟಿಹೋಯಿತು.

ಮುದ್ದೆಯನ್ನು ದೂರಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂ ದಾಟಿ ಕ್ಯಾಲ್ಸಿಯಂ ಇದೆ, ನಾರು ಧಾರಾಳ. ಕೋಲಾರದ ಊಟದ ಹಳೆಯ ಕ್ರಮದಲ್ಲಿ ಮುದ್ದೆಯ ಜೊತೆ ಬಸ್ಸಾರು, ಹುರುಳಿ ಸಾರು, ಚಳಿಗಾಲದಲ್ಲಿ ಅವರೆಕಾಳು, ದಿನವೂ ಒಂದಲ್ಲ ಒಂದು ಸೊಪ್ಪು ಇರುತ್ತಿತ್ತು. ಈಗ ಮುದ್ದೆಯ ಗಾತ್ರ ಉಳಿದು ಸಾರಿನಲ್ಲಿ ಕಾಳು ಕಡಿಮೆಯಾಗಿದೆ. ಕೂತು ದುಡಿಯುವವರು ಎರಡು ಮುದ್ದೆಯ ಜಾಗದಲ್ಲಿ ಒಂದನ್ನೇ ಉಂಡು, ಬಟ್ಟಲು ತುಂಬ ಹುರುಳಿಯನ್ನೋ ಸೊಪ್ಪಿನ ಪಲ್ಯವನ್ನೋ ಜೊತೆ ಮಾಡಿಕೊಂಡರೆ ಹೊಟ್ಟೆಯೂ ತುಂಬುತ್ತದೆ, ಲೆಕ್ಕವೂ ತಪ್ಪದು.

ಲೆಕ್ಕ ತಪ್ಪಿಸುವವು ಬೇರೆ ಇವೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕಿಲೊಕ್ಯಾಲೊರಿ, ಯಾವ ಎಣ್ಣೆಯಾದರೂ ಅಷ್ಟೇ. ದಿನಕ್ಕೆ ನಾಲ್ಕು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸಕ್ಕರೆಯಿಂದಲೇ 160. ಬಂಗಾರಪೇಟೆಯ ಪಾನಿಪೂರಿಗೆ ಹೆಸರು ತಂದುಕೊಟ್ಟ ತಿಳಿಯಾದ ಪಾನಿಯಲ್ಲಿ ಕ್ಯಾಲೊರಿ ಇಲ್ಲವೆನ್ನುವಷ್ಟು ಕಡಿಮೆ. ಭಾರವಿರುವುದು ಕರಿದ ಪೂರಿಯಲ್ಲಿ, ಒಳಗೆ ತುಂಬುವ ಆಲೂಗಡ್ಡೆಯಲ್ಲಿ. ವಾರಕ್ಕೊಮ್ಮೆ ನಿಲ್ದಾಣದ ಹೊರಗೆ ನಿಂತು ತಿನ್ನುವ ಸುಖವನ್ನು ಯಾರೂ ಬಿಡಬೇಕಿಲ್ಲ. ದಿನಾ ರೈಲಿನಲ್ಲಿ ಬರುವ ವಡೆ, ಸಮೋಸವೇ ತಿಂಗಳ ಕೊನೆಗೆ ಸೊಂಟಕ್ಕೆ ಬರುವುದು.

ಅರವತ್ತರ ಆಚೆ

ಮೂವತ್ತು ದಾಟಿದರೆ ಚಯಾಪಚಯ ಕುಸಿಯುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. 2021ರಲ್ಲಿ ಹರ್ಮನ್ ಪಾಂಟ್ಸರ್ ಮತ್ತು ಸಂಗಡಿಗರು ಹಲವು ದೇಶಗಳ ಆರು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಕೂಡಿಸಿ ನೋಡಿದಾಗ, ಮೈಯ ಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ ಇಪ್ಪತ್ತರಿಂದ ಅರವತ್ತರವರೆಗೆ ಖರ್ಚು ಬದಲಾಗುವುದೇ ಇಲ್ಲ ಎಂದು ಕಂಡಿತು. ಅರವತ್ತರ ಬಳಿಕ ವರ್ಷಕ್ಕೆ ಸುಮಾರು ಶೇಕಡ 0.7 ಇಳಿಯುತ್ತದೆ. ನಲವತ್ತಕ್ಕೆ ಹೊಟ್ಟೆ ಬಂದದ್ದಕ್ಕೆ ವಯಸ್ಸಿನ ಮೇಲೆ ಹೊರೆ ಹಾಕುವಂತಿಲ್ಲ.

ಗಣಿಯಲ್ಲಿ ದುಡಿದು ಈಗ ಮನೆಯಲ್ಲಿರುವ ಹಿರಿಯರ ವಿಷಯದಲ್ಲಿ ಸೂತ್ರಗಳನ್ನು ನೆಚ್ಚಿಕೊಳ್ಳಬಾರದು. ಕಲ್ಲಿನ ಧೂಳಿನಿಂದ ಶ್ವಾಸಕೋಶ ಕೆಟ್ಟವರಿಗೆ ಉಸಿರಾಡುವುದೇ ಒಂದು ದುಡಿಮೆ, ಅದಕ್ಕೇ ಶಕ್ತಿ ಹೋಗುತ್ತದೆ. ಜ್ವರ ಬಂದರೆ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಬಿಎಂಆರ್ ಶೇಕಡ 13ರಷ್ಟು ಏರುತ್ತದೆ. ಇಂಥವರು ತಿಂದೂ ಸೊರಗುತ್ತಾರೆ. ವಯಸ್ಸಾಯಿತು, ಇಳಿಯುವುದು ಸಹಜ ಎಂದುಕೊಂಡು ಸುಮ್ಮನಿರಬಾರದು. ಬೇಡದೆ ಇಳಿದ ತೂಕಕ್ಕೆ ಕ್ಷಯ, ಥೈರಾಯಿಡ್, ಸಕ್ಕರೆ ಕಾಯಿಲೆ, ಶ್ವಾಸಕೋಶದ ರೋಗ ಎಲ್ಲವೂ ಕಾರಣವಾಗಬಹುದು, ಡಾಕ್ಟರಿಗೆ ತೋರಿಸಲೇಬೇಕು.

ಉಳಿದವರು ತಮ್ಮ ಲೆಕ್ಕವನ್ನು ತಕ್ಕಡಿಯ ಮೇಲೆ ಪರೀಕ್ಷಿಸಬಹುದು. ಕೈಗಡಿಯಾರದ ಯಂತ್ರ ತೋರಿಸುವ ಕ್ಯಾಲೊರಿಯನ್ನು ನಂಬುವ ಹಾಗಿಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಅಂಥ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಎಲ್ಲಕ್ಕಿಂತ ಒಳ್ಳೆಯದೂ ಸರಾಸರಿ ಶೇಕಡ 27ರಷ್ಟು ತಪ್ಪಿತ್ತು. ವಾರಕ್ಕೊಮ್ಮೆ, ಒಂದೇ ತಕ್ಕಡಿಯಲ್ಲಿ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಕ ನೋಡಿ ಬರೆದಿಡಿ. ತಿಂಗಳ ಬಳಿಕವೂ ತೂಕ ಅಲ್ಲೇ ಇದ್ದರೆ, ನೀವು ತಿನ್ನುತ್ತಿರುವುದೇ ನಿಮ್ಮ ಅಗತ್ಯ, ಸೂತ್ರ ಏನೇ ಹೇಳಲಿ. ಇಳಿಸಬೇಕಿದ್ದರೆ ದಿನಕ್ಕೆ ಇನ್ನೂರು ಮುನ್ನೂರು ತಗ್ಗಿಸಿ, ಸಂಜೆ ಅರ್ಧ ಗಂಟೆ ನಡೆಯಿರಿ, ಮತ್ತೆ ತಿಂಗಳು ಕಾಯಿರಿ. ಬಿಎಂಆರ್‌ಗಿಂತ ಕೆಳಕ್ಕೆ ಊಟವನ್ನು ತರಬೇಡಿ. ಹಸಿದ ಮೈ ಸ್ನಾಯುವನ್ನೇ ಕರಗಿಸಿಕೊಂಡು ಖರ್ಚು ಇಳಿಸುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಊಟ ತಗ್ಗಿಸುವ ಮುಂಚೆ ವೈದ್ಯರನ್ನು ಕೇಳಬೇಕು, ಸಕ್ಕರೆ ದಿಢೀರನೆ ಇಳಿದು ಪ್ರಜ್ಞೆ ತಪ್ಪುವ ಅಪಾಯವಿದೆ.

ಹೆಚ್ಚಿಸಿಕೊಳ್ಳಬೇಕಾದವರೂ ಇದೇ ಊರಿನಲ್ಲಿ ಇದ್ದಾರೆ. ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದಾಗ 18.5ಕ್ಕಿಂತ ಕಡಿಮೆ ಬಂದರೆ ಅದು ಮೈಗೆ ಬಹುದಿನದಿಂದ ಊಟ ಸಾಲದಿರುವುದರ ಸೂಚನೆ. ಆ ಅಳತೆಗೋಲಿನ ಬಗ್ಗೆ 1994ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗೆ ಪುಸ್ತಕ ಬರೆದುಕೊಟ್ಟವರಲ್ಲಿ ಅದೇ ಪ್ರಕಾಶ್ ಶೆಟ್ಟಿ ಒಬ್ಬರು. 152 ಸೆಂ.ಮೀ. ಎತ್ತರದ ಹೆಂಗಸು 43 ಕೆ.ಜಿ.ಗಿಂತ ಕೆಳಗಿದ್ದರೆ ಈ ಪಟ್ಟಿಗೆ ಸೇರುತ್ತಾಳೆ. ಅವಳಿಗೆ ದಿನಕ್ಕೊಂದು ಹಿಡಿ ಕಡಲೆಕಾಯಿ ಬೀಜ, ಒಂದು ಮೊಟ್ಟೆ, ಒಂದು ಲೋಟ ಹಾಲು ಹೆಚ್ಚಿಗೆ ಸಿಕ್ಕಿದರೂ ಮುನ್ನೂರು ಕಿಲೊಕ್ಯಾಲೊರಿಗೂ ಮೇಲಾಗುತ್ತದೆ, ಜೊತೆಗೆ ಅಕ್ಕಿ ಅಷ್ಟಾಗಿ ಕೊಡದ ಪ್ರೋಟೀನೂ ಸಿಗುತ್ತದೆ.